ಕಾಳಗ ನಡೆಯದ ವೆಸ್ಟರ್ನ್

ಮಾನ್ಯ ಓದುಗರೇ,

ಆಂದ್ರೆ ಡಿ ಟಾತ್ ನಿರ್ದೇಶನದ ‘ಡೇ ಆಫ್ ದಿ ಔಟ್‌ಲಾ’ (1959) ಚಿತ್ರವನ್ನು ನಾವು ಮೆಚ್ಚಿ ಬರೆದದ್ದನ್ನು ಓದಿ, ಹುಡುಕಿ ನೋಡಿದ ನಿಮಗೆ ನಿರಾಸೆಯಾಯಿತೆಂದೂ, ಕೊನೆಗೂ ಪಿಸ್ತೂಲು ಕಾಳಗವೇ ನಡೆಯದ ಕಪ್ಪು-ಬಿಳುಪಿನ ವೆಸ್ಟರ್ನ್‌ನಲ್ಲಿ (ಅಮೆರಿಕದ ಪಶ್ಚಿಮದ ಕೌಬಾಯ್ ಕಥೆಯ ಚಿತ್ರದಲ್ಲಿ) ಹೊಗಳುವಂಥದ್ದೇನಿದೆಯೆಂದೂ ಕೇಳಿದ್ದೀರಿ. ಆ ಕಾಳಗ ನಡೆಯದಿರುವುದೇ ನಮ್ಮ ಮೆಚ್ಚುಗೆಗೆ ಕಾರಣ.

ಮದ್ಯದಂಗಡಿಯ ದೃಶ್ಯವನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ದನ ಮೇಯುವ ಬಯಲಿಗೆ ಮುಳ್ಳುತಂತಿ ಹಾಕಹೊರಟ ರೈತ ಕ್ರೇನ್‌ನನ್ನು ಕೊಲ್ಲಲೆಂದೇ ದನಗಳ ಒಡೆಯ ಸ್ಟಾರೆಟ್ (ರಾಬರ್ಟ್ ರಯಾನ್) ಊರಿಗೆ ಬಂದಿದ್ದಾನೆ. ಕ್ರೇನ್‌ನ ಹೆಂಡತಿಯ ಮೇಲೆ ಅವನಿಗೆ ಮನಸ್ಸಿರುವುದರಿಂದ ತಂತಿಯ ಜಗಳ ಅರ್ಧಕ್ಕರ್ಧ ನೆಪವೇ. ಕಟ್ಟೆಯ ಮೇಲೆ ಸೀಸೆ ಉರುಳಿಸಿಬಿಡುವುದು, ಅದು ಅಂಚಿನಿಂದ ಬಿದ್ದೊಡನೆ ಗುಂಡು ಹಾರಿಸುವುದು ಎಂದು ಒಪ್ಪಂದವಾಗುತ್ತದೆ. ಸೀಸೆ ಉರುಳುತ್ತ ಅಂಚಿಗೆ ಬರುವಷ್ಟರಲ್ಲಿ ಬಾಗಿಲು ತೆರೆದು, ಸೇನೆಯಿಂದ ತಪ್ಪಿಸಿಕೊಂಡು ಓಡುತ್ತಿರುವ ಬ್ರೂನ್ (ಬರ್ಲ್ ಐವ್ಸ್) ತನ್ನ ದರೋಡೆಕೋರರೊಂದಿಗೆ ಒಳನುಗ್ಗುತ್ತಾನೆ. ಕೊಲ್ಲಲು ಬಂದ ಸ್ಟಾರೆಟ್‌ನೇ ಈಗ ಊರನ್ನು ಕಾಯಬೇಕು! ನೀವು ಕಾದು ಕುಳಿತ ಕಾಳಗವನ್ನು ನಿರ್ದೇಶಕರು ಆರಂಭದಲ್ಲೇ ಕೈಗೆ ಕೊಟ್ಟಂತೆ ಮಾಡಿ ಕಿತ್ತುಕೊಂಡಿದ್ದಾರೆ.

ಕುಣಿತದ ದೃಶ್ಯ ಎಳೆದಂತಾಯಿತೆಂಬ ನಿಮ್ಮ ಮಾತನ್ನು ನಾವು ಒಪ್ಪಲಾರೆವು. ಕುಡಿಯಕೂಡದು, ಹೆಂಗಸರನ್ನು ಮುಟ್ಟಕೂಡದು ಎಂಬ ಬ್ರೂನ್‌ನ ಆಜ್ಞೆಯೊಂದೇ ಆ ದರೋಡೆಕೋರರನ್ನು ತಡೆದಿದೆ, ಮತ್ತು ಆತನೋ ಗುಂಡೇಟು ತಿಂದು ಸಾವಿನ ಹತ್ತಿರವಿದ್ದಾನೆ. ಕುಣಿಯಲಷ್ಟೇ ಅನುಮತಿ ಸಿಕ್ಕಾಗ ಇಕ್ಕಟ್ಟಾದ ಕೋಣೆಯಲ್ಲಿ ಜೋಡಿಗಳೊಂದಿಗೆ ಕ್ಯಾಮೆರಾವೂ ಸುತ್ತುತ್ತದೆ, ಸಂಗೀತ ನಿಲ್ಲುವುದಿಲ್ಲ, ಹೆಂಗಸರು ಬಿಡಿಸಿಕೊಳ್ಳುವಂತಿಲ್ಲ. ಅಷ್ಟು ಹೊತ್ತು ಎಳೆದದ್ದರಿಂದಲೇ ಅದು ಹಿಂಸೆಯಾಗಿ ತಾಗುವುದು.

ಇನ್ನು ಬಣ್ಣದ ಮಾತು. ಛಾಯಾಗ್ರಾಹಕ ರಸೆಲ್ ಹಾರ್ಲನ್ ಅದೇ ವರ್ಷ ತೆರೆಕಂಡ ಇನ್ನೊಂದು ವೆಸ್ಟರ್ನ್ ‘ರಿಯೊ ಬ್ರಾವೊ’ವನ್ನು ಬಣ್ಣದಲ್ಲಿಯೇ ಚಿತ್ರೀಕರಿಸಿದವರು. ಇಲ್ಲಿಯೂ ಬಣ್ಣವಿದ್ದಿದ್ದರೆ ಅಮೆರಿಕದ ಆರೆಗಾನ್ ರಾಜ್ಯದ ಆ ಹಿಮದ ಬೆಟ್ಟಗಳು ಕ್ಯಾಲೆಂಡರಿನ ಚಿತ್ರಗಳಂತಾಗುತ್ತಿದ್ದವೇ ಹೊರತು, ನೋಡುವವರಿಗೆ ಆ ಚಳಿ ತಟ್ಟುತ್ತಿರಲಿಲ್ಲ. ಚಳಿ ತಟ್ಟದಿದ್ದರೆ ಕೊನೆಯ ಭಾಗಕ್ಕೆ ಅರ್ಥವೇ ಇಲ್ಲ: ಇಲ್ಲದ ದಾರಿಯನ್ನು ತೋರಿಸುವೆನೆಂದು ಸ್ಟಾರೆಟ್ ದರೋಡೆಕೋರರನ್ನು ಬೆಟ್ಟಕ್ಕೆ ಕರೆದೊಯ್ಯುತ್ತಾನೆ, ಎದೆಮಟ್ಟದ ಹಿಮದಲ್ಲಿ ಕುದುರೆಗಳು ಹೂತು ಏಗುತ್ತವೆ, ಕಟ್ಟಕಡೆಗೆ ಉಳಿದ ದರೋಡೆಕೋರ ಬಂದೂಕು ಎತ್ತಿದರೂ ಮರಗಟ್ಟಿದ ಬೆರಳಿನಿಂದ ಟ್ರಿಗರ್ ಎಳೆಯಲಾರ.

ದರೋಡೆಕೋರರ ಗುಂಪಿನ ಎಳೆಯ ಹುಡುಗ ಜೀನ್‌ಗೂ ಊರಿನ ಹುಡುಗಿಗೂ ಹುಟ್ಟುವ ಪ್ರೀತಿ ತೀರಾ ಅವಸರದ್ದೆಂಬ ನಿಮ್ಮ ಆಕ್ಷೇಪವೊಂದು ನ್ಯಾಯವಾದದ್ದು. ಕ್ರೇನ್‌ನ ಹೆಂಡತಿಯಾಗಿ ಟೀನಾ ಲೂಯಿಸ್ ಅವರಿಗೂ, ಗಂಡನ ಜೀವಕ್ಕಾಗಿ ಬೇಡಿಕೊಳ್ಳುವ ದೃಶ್ಯ ಮುಗಿದ ಮೇಲೆ, ಹೆಚ್ಚು ಕೆಲಸ ಉಳಿದಿಲ್ಲ.

– ಸಂಪಾದಕ