ಮೈಸೂರಿನಲ್ಲಿ ಸೈಕಲ್ ತುಳಿಯುವವರಿಗೆ ಜಿಪಿಎಸ್ ಕಂಪ್ಯೂಟರ್ ಬೇಕೇ, ಮೊಬೈಲ್ ಸಾಲದೇ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಓದಿಕೊಂಡಿದ್ದೇನೆ: ವಯಸ್ಸು ನಲವತ್ತೈದರ ಆಸುಪಾಸು, ರಕ್ತದೊತ್ತಡಕ್ಕೆ ಮಾತ್ರೆ ಶುರುವಾಗಿದೆ, ಗೇರ್ ಸೈಕಲ್ ಕೊಂಡಿದ್ದೀರಿ, ವಾರದ ಮಧ್ಯೆ ಚಾಮುಂಡಿ ಬೆಟ್ಟ, ಭಾನುವಾರ ಕೆಆರ್‌ಎಸ್. ಈಗ ಮಂಡ್ಯ ಜಿಲ್ಲೆಯ ಹಳ್ಳಿ ದಾರಿಗಳಲ್ಲಿ ದೂರ ಹೋಗುವ ಆಸೆ. ಇದಕ್ಕೆ ಮೊಬೈಲ್ ಸಾಕೇ, ಹ್ಯಾಂಡಲಿಗೆ ಕಟ್ಟಿಕೊಂಡು ವೇಗ, ಹೃದಯಬಡಿತ, ದಾರಿ ನೋಡುವ ಸಣ್ಣ ಯಂತ್ರವಾದ ಜಿಪಿಎಸ್ ಕಂಪ್ಯೂಟರ್ ಕೊಂಡರೆ ಆರೋಗ್ಯಕ್ಕೂ ಏನಾದರೂ ಲಾಭವಿದೆಯೇ?

ಬೆಟ್ಟ, ರಿಂಗ್ ರಸ್ತೆ, ಕೆಆರ್‌ಎಸ್, ಇಷ್ಟೇ ಆದರೆ ಬೇಡ. ಎದೆಗೆ ಕಟ್ಟುವ ಹೃದಯಬಡಿತದ ಪಟ್ಟಿಯೊಂದನ್ನು ಕೊಂಡು, ಮೊಬೈಲನ್ನು ಜೇಬಿನಲ್ಲಿಟ್ಟು ಒಂದು ಆ್ಯಪ್‌ನಲ್ಲಿ ದಾಖಲಿಸಿಕೊಳ್ಳಿ, ಸಾಕು. ಹಳ್ಳಿ ದಾರಿಗೆ ಇಳಿಯುವುದಾದರೆ ಮಾತ್ರ ಕಂಪ್ಯೂಟರ್ ಕೊಳ್ಳಿ. ಆಗ ಅದಕ್ಕೆ ಕೊಟ್ಟ ಹಣ ಖಂಡಿತ ಸಾರ್ಥಕ. ಕೊಂಡ ದಿನವೇ ಒಂದು ಕೆಲಸ ಮಾಡಿ: ಮೊದಲ ಪರದೆಯಿಂದ ವೇಗದ ಅಂಕಿಯನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಹೃದಯಬಡಿತವನ್ನು ದೊಡ್ಡದಾಗಿ ಇಡಿ.

ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ವೇಗ ನಿಮ್ಮ ಶ್ರಮದ ಅಳತೆಯಲ್ಲ. ಆಷಾಢದಲ್ಲಿ ಕೆಆರ್‌ಎಸ್ ಕಡೆ ಹೊರಟರೆ ಪಡುವಣ ಗಾಳಿ ಎದುರಿಗೇ ಬೀಸುತ್ತದೆ. ಹೋಗುವಾಗ ತೆವಳಿದಂತೆ, ಬರುವಾಗ ಹಾರಿದಂತೆ. ಎರಡರಲ್ಲೂ ಕಾಲುಗಳು ಮಾಡಿದ ಕೆಲಸ ಒಂದೇ ಇರಬಹುದು. ಆದರೆ ಕಣ್ಣೆದುರು ವೇಗ ಕುಣಿಯುತ್ತಿದ್ದರೆ ಮನಸ್ಸು ಅದನ್ನು ಏರಿಸಲು ನೋಡುತ್ತದೆ, ಪ್ರತಿ ಸವಾರಿಯೂ ಪಂದ್ಯವಾಗುತ್ತದೆ. ನಿಮ್ಮ ವಯಸ್ಸಿನಲ್ಲಿ, ನಿಮ್ಮ ಉದ್ದೇಶಕ್ಕೆ ಬೇಕಾದದ್ದು ಇದರ ತದ್ವಿರುದ್ಧ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದು ಮಧ್ಯಮ ಶ್ರಮ. ಆ ಮಿತಿಯೊಳಗೆ ನಿಮ್ಮನ್ನು ಹಿಡಿದಿಡುವುದು ಯಂತ್ರದ ಅತಿ ದೊಡ್ಡ ಉಪಕಾರ.

ಮಿತಿ ಎಷ್ಟೆಂದು ಗೊತ್ತುಮಾಡುವುದು ಹೇಗೆ? 220ರಿಂದ ವಯಸ್ಸು ಕಳೆಯುವ ಲೆಕ್ಕವನ್ನು ಯಂತ್ರ ತಾನೇ ಹಾಕಿಕೊಂಡಿರುತ್ತದೆ. ಅದು ಸರಾಸರಿಯ ಅಂದಾಜು ಮಾತ್ರ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತಗಳ ವ್ಯತ್ಯಾಸ ತೀರ ಸಾಮಾನ್ಯ. ಅದಕ್ಕೇ ಮಾತಿನ ಪರೀಕ್ಷೆ ಮಾಡಿ, ಉಸಿರು ತುಂಡಾಗತೊಡಗಿದಾಗ ಪರದೆಯ ಮೇಲೆ ಯಾವ ಸಂಖ್ಯೆ ಇದೆ ಎಂದು ನೋಡಿಕೊಳ್ಳಿ. ನಿಮ್ಮ ಮಿತಿ ಅದಕ್ಕಿಂತ ತುಸು ಕೆಳಗೆ. ಇನ್ನೊಂದು ಮಾತನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ: ನಿಮ್ಮ ಮಾತ್ರೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂತಹ ಬೀಟಾ ಬ್ಲಾಕರ್ ಆಗಿದ್ದರೆ ಅದು ಹೃದಯಬಡಿತವನ್ನೇ ತಗ್ಗಿಸಿ ಇಡುತ್ತದೆ. ಆಗ ಬಡಿತದ ಮಟ್ಟಗಳನ್ನು ವಿಂಗಡಿಸಿ ಯಂತ್ರ ತೋರಿಸುವ ಬಣ್ಣಬಣ್ಣದ ವಲಯಗಳು ನಿಮಗೆ ಅನ್ವಯಿಸುವುದೇ ಇಲ್ಲ. ಪರದೆಯಲ್ಲಿ ಹಸಿರು ಕಾಣುತ್ತಿದ್ದರೂ ದೇಹ ಮಿತಿಮೀರಿ ದುಡಿಯುತ್ತಿರಬಹುದು. ಬೆಟ್ಟ ಹತ್ತುವ ಮೊದಲು ವೈದ್ಯರನ್ನು ಕೇಳಿ, ಅವರು ಹೇಳಿದ ಮಿತಿಯನ್ನೇ ಯಂತ್ರಕ್ಕೆ ಕೊಡಿ.

ಕೈಗಡಿಯಾರದ ಹೃದಯಬಡಿತ ಸಾಲದೇ ಎಂದು ಕೇಳುತ್ತೀರಿ. ಅದು ಚರ್ಮದ ಮೇಲೆ ಬೆಳಕು ಬಿಟ್ಟು ರಕ್ತದ ಹರಿವನ್ನು ಓದುತ್ತದೆ. ಹ್ಯಾಂಡಲ್ ಬಿಗಿಯಾಗಿ ಹಿಡಿದು, ಉಬ್ಬುಗಳ ಮೇಲೆ ಕುಲುಕುತ್ತಾ ಹೋಗುವಾಗ ಆ ಓದು ತಪ್ಪುತ್ತದೆ. ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಹೆಚ್ಚು ನಂಬಬಹುದು.

ಚಾಮುಂಡಿ ಬೆಟ್ಟ ನಮ್ಮ ಊರಿನವರಿಗೆ ದೊರೆತ ಪುಕ್ಕಟೆ ಪ್ರಯೋಗಶಾಲೆ. ಮೈಸೂರು ನಗರ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಟ್ಟದ ನೆತ್ತಿ ಸಾವಿರ ಮೀಟರ್ ದಾಟುತ್ತದೆ. ತಿಂಗಳಿಗೊಮ್ಮೆ ಬೆಳಿಗ್ಗೆ ಅದೇ ಹೊತ್ತಿಗೆ, ಬುಡದಿಂದ ತುದಿಯವರೆಗೆ ಹೃದಯಬಡಿತವನ್ನು ಒಂದೇ ಮಟ್ಟದಲ್ಲಿ ಇಟ್ಟು ಹತ್ತಿ. ಅದೇ ಬಡಿತದಲ್ಲಿ ಸಮಯ ಕಡಿಮೆಯಾಗುತ್ತಾ ಬಂದರೆ ನೀವು ಗಟ್ಟಿಯಾಗುತ್ತಿದ್ದೀರಿ ಎಂದರ್ಥ. ಯಂತ್ರ ಹೇಳುವ ಕ್ಯಾಲೊರಿಗಿಂತ ಈ ಅಳತೆಯನ್ನು ನಾನು ಹೆಚ್ಚು ನಂಬುತ್ತೇನೆ. ಮಾರ್ಚ್, ಏಪ್ರಿಲ್‌ನ ಬಿಸಿಲಲ್ಲಿ ಮಾತ್ರ ಹೋಲಿಕೆ ಮಾಡಬೇಡಿ. ಸೆಕೆಗೆ ಬಡಿತ ತಾನಾಗಿ ಏರುತ್ತದೆ.

ಎತ್ತರದ ಲೆಕ್ಕಕ್ಕೆ ಗಾಳಿಯ ಒತ್ತಡ ಅಳೆಯುವ ವಾಯುಭಾರಮಾಪಕ (ಬ್ಯಾರೋಮೀಟರ್) ಇರುವ ಯಂತ್ರವೇ ಬೇಕು. ಉಪಗ್ರಹದಿಂದ ಸಿಗುವ ಎತ್ತರದಲ್ಲಿ ದೋಷ ಹೆಚ್ಚು. ಗಾಳಿಯ ಒತ್ತಡವಾದರೆ ನಮ್ಮ ಎತ್ತರದಲ್ಲಿ ಪ್ರತಿ 9 ಮೀಟರ್ ಏರಿಗೆ ಸುಮಾರು ಒಂದು ಹೆಕ್ಟೋಪಾಸ್ಕಲ್ (ಒತ್ತಡ ಅಳೆಯುವ ಮಾನ) ಇಳಿಯುತ್ತದೆ, ಸಣ್ಣ ಏರನ್ನೂ ಯಂತ್ರ ಗುರುತಿಸುತ್ತದೆ. ಆದರೆ ಮೇ ತಿಂಗಳ ಸಂಜೆ ಗುಡುಗು ಮಳೆ ಕವಿದಾಗ ಒತ್ತಡ ಬದಲಾಗಿ, ನಿಂತಲ್ಲೇ ಬೆಟ್ಟ ಹತ್ತಿದಂತೆ ತೋರಿಸಿದರೆ ಗಾಬರಿ ಬೇಡ. ಯಂತ್ರದ ಕೆಳಗಿರುವ ಸಣ್ಣ ರಂಧ್ರದಲ್ಲಿ ಮಳೆನೀರು ನಿಂತರೂ ಹಾಗೆಯೇ ಆಗುತ್ತದೆ. ಇಳಿಜಾರಿನ ಶೇಕಡಾವಾರು ಯಾವಾಗಲೂ ಕೆಲವು ಕ್ಷಣ ತಡವಾಗಿ ಬರುವುದರಿಂದ ಅದನ್ನು ನೋಡಿ ಗೇರ್ ಬದಲಿಸಬೇಡಿ, ಕಾಲು ಹೇಳಿದಂತೆ ಬದಲಿಸಿ.

ಈಗ ದಾರಿಯ ವಿಷಯ. ಮೊಬೈಲಿನ ನಕ್ಷೆ ಕಾರಿಗೆ, ಮೋಟಾರ್ ಬೈಕಿಗೆ ದಾರಿ ಹುಡುಕುತ್ತದೆ. ಬೇಗ ತಲುಪಿಸುವುದೇ ಅದರ ಗುರಿ. ಮಂಡ್ಯ ಎಂದು ಕೇಳಿದರೆ ನೇರವಾಗಿ ಬೆಂಗಳೂರು–ಮೈಸೂರು ಹೆದ್ದಾರಿಗೆ ಕಳಿಸಬಹುದು. 2023ರ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಂತೆ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ನಮಗೆ ಉಳಿದಿರುವುದು ಸರ್ವಿಸ್ ರಸ್ತೆ. ಹಾಗಾಗಿ ಯಂತ್ರಕ್ಕಾಗಲಿ ಮೊಬೈಲಿಗಾಗಲಿ ದಾರಿ ಹುಡುಕುವ ಕೆಲಸವನ್ನೇ ಕೊಡಬೇಡಿ. ಹಿಂದಿನ ರಾತ್ರಿ ಮನೆಯಲ್ಲಿ ಕುಳಿತು ನೀವೇ ದಾರಿ ಬರೆಯಿರಿ. ದಾರಿ ಬರೆಯುವ ತಾಣಗಳಾದ ರೈಡ್ ವಿತ್ ಜಿಪಿಎಸ್, ಕೊಮೂಟ್, ಬಿರೌಟರ್ ಯಾವುದಾದರೂ ಆದೀತು. ಬರೆದದ್ದನ್ನು ಜಿಪಿಎಕ್ಸ್ (ದಾರಿಯನ್ನು ಉಳಿಸುವ ಮಾದರಿ) ಕಡತವಾಗಿ ಯಂತ್ರಕ್ಕೆ ಹಾಕಿದರೆ ಪರದೆಯ ಮೇಲೆ ಗೆರೆ ಮೂಡುತ್ತದೆ. ನೀವು ಆ ಗೆರೆಯನ್ನು ಹಿಡಿದು ಹೋಗುವುದಷ್ಟೇ.

ದಾರಿ ಬರೆಯುವಾಗ ಮೊದಲು ಹೊಳೆಯನ್ನು ನೋಡಿ. ಶ್ರೀರಂಗಪಟ್ಟಣದಿಂದ ಕೆಳಗೆ ಕಾವೇರಿಗೆ ಸೇತುವೆಗಳು ಬೆರಳೆಣಿಕೆಯಷ್ಟು. ಆಚೆ ದಡದ ಊರಿನ ಗೋಪುರ ಕಣ್ಣಿಗೆ ಕಾಣುತ್ತಿರುತ್ತದೆ, ತಲುಪಲು ಮಾತ್ರ ಬಹಳ ದೂರ ಸುತ್ತಬೇಕು. ಆಮೇಲೆ ನಾಲೆ ನೋಡಿ. ವಿಶ್ವೇಶ್ವರಯ್ಯ ನಾಲೆಯ ಏರಿಯನ್ನೇ ಹಿಡಿದು ಹೋದರೆ ಸಾಕು ಎಂದು ಹಲವರು ಅಂದುಕೊಳ್ಳುತ್ತಾರೆ. ಆದರೆ ಹುಲಿಕೆರೆಯ ಬಳಿ ನಾಲೆ ಸುರಂಗ ಹೊಕ್ಕು ನೆಲದಡಿಗೆ ಹೋಗಿಬಿಡುತ್ತದೆ, ರಸ್ತೆ ಬೇರೆಯೇ ದಿಕ್ಕು ಹಿಡಿಯುತ್ತದೆ. ಏರಿಯ ಮೇಲಿನ ದಾರಿಗಳು ನಕ್ಷೆಯಲ್ಲಿ ಚುಕ್ಕೆಗೆರೆಯಾಗಿದ್ದರೆ ಮಣ್ಣು ದಾರಿ ಎಂದರ್ಥ. ಮಳೆಗಾಲದಲ್ಲಿ ತೆಳು ಟೈರಿಗೆ ಆಗದು. ಅನುಮಾನ ಬಂದ ಕಡೆಯೆಲ್ಲ ಉಪಗ್ರಹ ಚಿತ್ರಕ್ಕೆ ಬದಲಿಸಿ ನೋಡಿ. ಡಾಂಬರು ಕಪ್ಪಾಗಿ, ಮಣ್ಣು ಕೆಂಪಾಗಿ ಕಾಣುತ್ತದೆ.

ನಾಲೆಯ ಪಕ್ಕ ಹೋಗುವಾಗ ಪರದೆಯನ್ನು ನೋಡಲೇಬೇಡಿ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡದ್ದನ್ನು ಈ ಭಾಗದವರು ಮರೆತಿಲ್ಲ. ತಿರುವಿನ ಎಚ್ಚರಿಕೆಯನ್ನು ಸದ್ದಿಗೆ ಇಡಿ. ದಾರಿ ತಪ್ಪಿದರೆ ಕೂಗುವ ವ್ಯವಸ್ಥೆ ಇರಲಿ, ತಾನೇ ಹೊಸ ದಾರಿ ಹುಡುಕುವ ವ್ಯವಸ್ಥೆಯನ್ನು ನಿಲ್ಲಿಸಿಬಿಡಿ. ತಪ್ಪಿದಾಗ ಗೆರೆಗೆ ಹಿಂದಿರುಗುವುದೇ ಸುಲಭ. ಅದಕ್ಕಿಂತ ಸುಲಭ, ಟೀ ಅಂಗಡಿಯಲ್ಲಿ ನಿಂತು ಕೇಳುವುದು. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಿರುವುದು, ಕಬ್ಬಿನ ಗಾಡಿಗಳ ಸಾಲು, ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ರಾಗಿ ಹುಲ್ಲು, ಇವು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಆ ಹುಲ್ಲು ಹಿಂದಿನ ಗೇರಿಗೆ ಸುತ್ತಿಕೊಂಡರೆ ಬಿಡಿಸಲು ಹೊತ್ತು ಹಿಡಿಯುತ್ತದೆ. ಇಳಿದು ತಳ್ಳಿಕೊಂಡು ಹೋಗಿ, ಒಕ್ಕಣೆ ಮಾಡುವವರಿಗೂ ತೊಂದರೆಯಾಗದು.

ಬಹುತೇಕ ಸೈಕಲ್ ಕಂಪ್ಯೂಟರ್‌ಗಳ ನಕ್ಷೆಗೆ ಮೂಲ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆ. ಅದನ್ನು ಯಾರು ಬೇಕಾದರೂ ತಿದ್ದಬಹುದು. ನೀವು ಹೋಗಿಬಂದ ಹಳ್ಳಿ ರಸ್ತೆ ಅದರಲ್ಲಿ ಇಲ್ಲದಿದ್ದರೆ ಸೇರಿಸಿ, ಊರಿನ ಹೆಸರನ್ನು ಕನ್ನಡದಲ್ಲೂ ಬರೆಯಿರಿ. ನನಗೆ ಸವಾರಿಯಷ್ಟೇ ಪ್ರೀತಿಯ ಕೆಲಸ ಇದು. ಇಂದು ನಾವು ಸೇರಿಸಿದ ಕೆರೆ ಏರಿ ನಾಳೆ ಇನ್ನೊಬ್ಬರ ಪರದೆಯ ಮೇಲೆ ಬರುತ್ತದೆ.

ಮೊಬೈಲನ್ನೇ ಹ್ಯಾಂಡಲಿಗೆ ಕಟ್ಟಬಾರದೇ? ನಡು ಬಿಸಿಲಲ್ಲಿ ಪರದೆ ಸರಿಯಾಗಿ ಕಾಣುವುದಿಲ್ಲ, ಮೊಬೈಲ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ತೊಂದರೆಯಾದಾಗ ಮನೆಗೆ ಕರೆ ಮಾಡಲು ಉಳಿಯಬೇಕಾದದ್ದೇ ಮೊಬೈಲ್. ಬಹುತೇಕ ಸೈಕಲ್ ಕಂಪ್ಯೂಟರುಗಳ ಪರದೆ ಬಿಸಿಲು ಬಿದ್ದಷ್ಟೂ ಸ್ಪಷ್ಟ.

ಕೊಳ್ಳುವಾಗ ಗಾರ್ಮಿನ್, ವಾಹೂ, ಬ್ರೈಟನ್, ಐಜಿಪಿಸ್ಪೋರ್ಟ್ ಯಾವುದೇ ಇರಲಿ, ವಾಯುಭಾರಮಾಪಕ, ನಕ್ಷೆಯ ಮೇಲೆ ಗೆರೆ ತೋರಿಸುವ ಸೌಲಭ್ಯ, ಹದಿನೈದು ಗಂಟೆಗೂ ಹೆಚ್ಚು ಬ್ಯಾಟರಿ, ಮಳೆಗೆ ಐಪಿಎಕ್ಸ್7 ಎಂಬ ದರ್ಜೆಯ ನೀರಿನ ರಕ್ಷಣೆ, ಎದೆಪಟ್ಟಿಗೆ ಬ್ಲೂಟೂತ್ ಇದ್ದರೆ ಸಾಕು. ಉಪಗ್ರಹದ ಸಂಕೇತವನ್ನು ಎರಡು ತರಂಗಾಂತರಗಳಲ್ಲಿ ಹಿಡಿಯುವ ಜಿಪಿಎಸ್‌ಗೆ ಹೆಚ್ಚು ಹಣ ಕೊಡಬೇಡಿ. ಅದು ಎತ್ತರದ ಕಟ್ಟಡಗಳ ನಡುವೆ, ದಟ್ಟ ಕಾಡಿನಲ್ಲಿ ಉಪಯೋಗಕ್ಕೆ ಬರುತ್ತದೆ. ಮಂಡ್ಯದ ಬಯಲಿನಲ್ಲಿ ಆಕಾಶ ಪೂರ್ತಿ ತೆರೆದೇ ಇರುತ್ತದೆ. ಉಳಿದ ಹಣಕ್ಕೆ ಪೆಡಲ್ ಸುತ್ತು ಎಣಿಸುವ ಸಂವೇದಕ ತನ್ನಿ. ನಿಮಿಷಕ್ಕೆ 80 ಸುತ್ತಿನ ಆಸುಪಾಸು ಹಗುರಾಗಿ ತುಳಿದರೆ ಮೊಣಕಾಲಿಗೆ ಭಾರ ಕಡಿಮೆ. ಸವಾರಿಗಳನ್ನು ಆ್ಯಪ್‌ನಲ್ಲಿ ಹಂಚಿಕೊಳ್ಳುವುದಾದರೆ ಮನೆಯ ಸುತ್ತಲಿನ ಭಾಗವನ್ನು ಮರೆಮಾಡುವ ಆಯ್ಕೆಯನ್ನು ಮೊದಲೇ ಒತ್ತಿ.

ಮೊದಲ ದಾರಿಯಾಗಿ ಮೈಸೂರಿನಿಂದ ಶ್ರೀರಂಗಪಟ್ಟಣ, ಅರಕೆರೆ, ಬನ್ನೂರು, ಅಲ್ಲಿಂದ ಹೊಳೆ ದಾಟಿ ಮತ್ತೆ ಮೈಸೂರು ಎಂದು ಗೆರೆ ಎಳೆಯಿರಿ. ದೊಡ್ಡ ಏರಿಲ್ಲ, ಗದ್ದೆ ಬಯಲಿನ ದಾರಿ, ಊರುಗಳು ಹತ್ತಿರ ಹತ್ತಿರ ಸಿಗುತ್ತವೆ. ಮೇಲುಕೋಟೆಯನ್ನು ಎದೆಪಟ್ಟಿಯ ಸಂಖ್ಯೆಗಳು ನಿಮಗೆ ರೂಢಿಯಾದ ಮೇಲೆ ಇಟ್ಟುಕೊಳ್ಳಿ. ಜಕ್ಕನಹಳ್ಳಿ ಕಳೆದ ಮೇಲೆ ಸಿಗುವ ಏರಿನಲ್ಲಿ ಮಿತಿ ದಾಟಿದರೆ ಇಳಿದು ನಿಂತು, ಬಡಿತ ತಗ್ಗಿದ ಮೇಲೆ ಮುಂದುವರಿಯಿರಿ.