ಒಂದು ಸಹಿಗೆ ಗ್ರೀನ್ ಕಾರ್ಡ್ ಕ್ಯೂ ಕರಗುವುದಿಲ್ಲ

ಪ್ರಶ್ನೆ: ಮೇಡಂ, ಮಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಗ್ರೀನ್ ಕಾರ್ಡಿಗಾಗಿ (ಅಲ್ಲೇ ಕಾಯಂ ನೆಲೆಸುವ ಪರವಾನಗಿ) ವರ್ಷಗಟ್ಟಲೆ ಕಾಯುತ್ತಿದ್ದಾನೆ. ಎಚ್-1ಬಿ ಕೆಲಸದ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕವನ್ನು ಅಧ್ಯಕ್ಷರು ಒಂದೇ ಸಹಿಯಲ್ಲಿ ಹಾಕಿದರಲ್ಲ, ಹಾಗೇ ಇನ್ನೊಂದು ಸಹಿ ಹಾಕಿ ಈ ಕ್ಯೂ ಮುಗಿಸಬಾರದೇ? (ಮೈಸೂರಿನ ಓದುಗರು)

ಉತ್ತರ: ಆಗುವುದಿಲ್ಲ. ಅಲ್ಲಿ ಅಧ್ಯಕ್ಷರು ಬದಲಾದಾಗಲೆಲ್ಲ ಈ ಪ್ರಶ್ನೆ ರಾಶಿ ರಾಶಿ ಬರುತ್ತದೆ, ಉತ್ತರ ಮಾತ್ರ ಬದಲಾಗಿಲ್ಲ. ಕಾಂಗ್ರೆಸ್ ಅಂದರೆ ಅಲ್ಲಿನ ಸಂಸತ್ತು; ಕೆಳಮನೆ, ಸೆನೆಟ್ ಅದರ ಎರಡು ಸದನ. ಇದಕ್ಕಿಂತ ಹೆಚ್ಚು ಇಲ್ಲಿ ಪಾಠ ಮಾಡುವುದಿಲ್ಲ. ಮಗ ಅಲ್ಲಿದ್ದಾನೆ ಅಂದಮೇಲೆ ಉಳಿದದ್ದು ನಿಮಗೆ ಗೊತ್ತಿರುತ್ತದೆ.

ಉದ್ಯೋಗದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದೇ ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ನೂರಕ್ಕೆ 7ರ ಮಿತಿ. ಎರಡೂ ಅಂಕಿ ಕಾಂಗ್ರೆಸ್ ಮಾಡಿದ ಕಾನೂನಿನಲ್ಲಿವೆ. ಹಾಗಾದರೆ ಶುಲ್ಕ ಹೇಗೆ ಬಂತು? 1952ರ ವಲಸೆ ಕಾನೂನಿನಲ್ಲೇ, ವಿದೇಶಿಯರು ಒಳಗೆ ಬರುವುದನ್ನು ಅಧ್ಯಕ್ಷರು ತಡೆಯಬಹುದು, ನಿರ್ಬಂಧ ಹಾಕಬಹುದು ಅಂತ ಬರೆದಿದೆ. 2025ರ ಸೆಪ್ಟೆಂಬರಿನ ಘೋಷಣೆ ಅದನ್ನೇ ಹಿಡಿದುಕೊಂಡಿತು. ಅದರ ಹೆಸರಲ್ಲಿ ದುಡ್ಡು ಕೇಳಬಹುದೇ ಅಂತ ಕೋರ್ಟಿಗೂ ಹೋದರು, ಅದು ಬೇರೆ ಜಗಳ. ಬಾಗಿಲು ಹಾಕುವ ಅಧಿಕಾರವನ್ನು ಕಾಂಗ್ರೆಸ್ ಅಧ್ಯಕ್ಷರಿಗೆ ಕೊಟ್ಟಿದೆ. ಗ್ರೀನ್ ಕಾರ್ಡಿನ ಸಂಖ್ಯೆ ಹೆಚ್ಚಿಸುವ ಅಧಿಕಾರ ಕೊಟ್ಟಿಲ್ಲ.

ಕೊಡದಿದ್ದನ್ನು ಕೈಗೆತ್ತಿಕೊಂಡರೆ ಏನಾಗುತ್ತದೆ ಅಂತ ಹಿಂದಿನ ಅಧ್ಯಕ್ಷ ಟ್ರೂಮನ್ ನೋಡಿದ್ದಾರೆ. 1952ರ ಏಪ್ರಿಲ್, ಕೊರಿಯಾ ಯುದ್ಧ ನಡೆಯುತ್ತಿತ್ತು. ಉಕ್ಕಿನ ಕಾರ್ಖಾನೆಗಳಲ್ಲಿ ಮುಷ್ಕರ ಇನ್ನೇನು ಶುರುವಾಗುವುದರಲ್ಲಿತ್ತು. ಅಧ್ಯಕ್ಷರು ಕಾರ್ಖಾನೆಗಳನ್ನೇ ಸರ್ಕಾರದ ವಶಕ್ಕೆ ತೆಗೆದುಕೊಂಡರು. ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ ಆ ಆದೇಶ ತಳ್ಳಿಹಾಕಿತು. ಪೀಠದ ಒಂಬತ್ತೂ ಮಂದಿ ಟ್ರೂಮನ್ ಅಥವಾ ಅವರಿಗಿಂತ ಮುಂಚಿನ, ಅವರದೇ ಪಕ್ಷದ ಅಧ್ಯಕ್ಷ ರೂಸ್‌ವೆಲ್ಟ್ ನೇಮಿಸಿದವರು. ಆದರೂ ಟ್ರೂಮನ್ ಸೋತರು, ಆ ದಿನವೇ ಕಾರ್ಖಾನೆ ವಾಪಸ್ ಕೊಟ್ಟರು. ಜಡ್ಜ್‌ಗಳೆಲ್ಲ ನೇಮಿಸಿದವರ ಕೈಗೊಂಬೆ ಅಂತ ಬರೆಯುವವರು ಇದನ್ನು ಸ್ವಲ್ಪ ಓದಬೇಕು.

ಕಾಂಗ್ರೆಸ್ಸಿಗೂ ಮನಸ್ಸು ಬಂದ ಹಾಗೆ ಮಾಡಲು ಬರುವುದಿಲ್ಲ. ಜಗದೀಶ್ ರಾಯ್ ಚಡ್ಡಾ ಕೀನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದವರು, ಓದಲು ಅಮೆರಿಕಕ್ಕೆ ಹೋದರು. ವೀಸಾ ಮುಗಿದರೂ ಅಲ್ಲೇ ಉಳಿಯಲು ವಲಸೆ ನ್ಯಾಯಾಧೀಶರು ಒಪ್ಪಿದರು. 1975ರಲ್ಲಿ ಕೆಳಮನೆ ತಾನೊಂದೇ ನಿರ್ಣಯ ಮಾಡಿ ಅದನ್ನು ರದ್ದು ಮಾಡಿತು. ಹಾಗೆ ಮಾಡಬಹುದು ಅಂತ ಕಾನೂನೇ ಇತ್ತು! 1983ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನಿನ ಭಾಗವನ್ನೇ ಹೊಡೆದುಹಾಕಿತು. ಎರಡೂ ಸದನ ಒಪ್ಪಬೇಕು, ಅಧ್ಯಕ್ಷರ ಮುಂದೆ ಹೋಗಬೇಕು, ಅಡ್ಡದಾರಿ ಇಲ್ಲ.

ನಿಮ್ಮ ಮಗನ ಕ್ಯೂ ಸಿಕ್ಕಿಬಿದ್ದಿರುವುದು ಇಲ್ಲೇ. 2019ರ ಜುಲೈನಲ್ಲಿ ಉದ್ಯೋಗದ ಗ್ರೀನ್ ಕಾರ್ಡಿಗೆ 7ರ ಮಿತಿ ತೆಗೆಯುವ ಮಸೂದೆ ಕೆಳಮನೆಯಲ್ಲಿ 365-65ರಲ್ಲಿ ಪಾಸಾಯಿತು. 2020ರ ಡಿಸೆಂಬರಿನಲ್ಲಿ ಸೆನೆಟ್ ತನ್ನದೇ ರೂಪದಲ್ಲಿ ಪಾಸು ಮಾಡಿತು. ಎರಡರ ಒಕ್ಕಣೆ ಬೇರೆ ಬೇರೆ. ಹೊಂದಿಸುವಷ್ಟರಲ್ಲಿ ಆ ಕಾಂಗ್ರೆಸ್ಸಿನ ಅವಧಿಯೇ ಮುಗಿಯಿತು. ಅಧ್ಯಕ್ಷರ ಮೇಜಿಗೆ ಸಹಿಗೆ ಏನೂ ಬರಲೇ ಇಲ್ಲ.

ಆದ್ದರಿಂದ, "ಆದೇಶ ಬರುತ್ತಿದೆ, ಈಗಲೇ ಹೆಸರು ನೋಂದಾಯಿಸಿ" ಅಂತ ದುಡ್ಡು ಕೇಳುವ ಕನ್ಸಲ್ಟೆಂಟ್‌ಗಳಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಅಂಥ ನೋಂದಣಿಯೇ ಇಲ್ಲ. ಸರದಿ ಎಂದು ಬರುತ್ತದೆ ಅಂತ ನಾನೂ ಹೇಳುವುದಿಲ್ಲ, ದಯವಿಟ್ಟು ಮತ್ತೆ ಕೇಳಬೇಡಿ. ಅಲ್ಲಿನ ವಿದೇಶಾಂಗ ಇಲಾಖೆ ಸರದಿ ಎಲ್ಲಿಯವರೆಗೆ ಬಂದಿದೆ ಅಂತ ತಿಳಿಸುವ ವೀಸಾ ಬುಲೆಟಿನ್ ಅನ್ನು ತಿಂಗಳಿಗೊಮ್ಮೆ ಹಾಕುತ್ತದೆ, ಮಗ ಅದನ್ನು ನೋಡಲಿ. ಕೆಲಸ ಬಿಡುವ ಮುಂಚೆ ಅಲ್ಲಿನ ಲೈಸೆನ್ಸ್ ಇರುವ ವಕೀಲರನ್ನು ಕೇಳಲಿ.

ಪ್ರಶ್ನೆ: ಇಂಪೀಚ್ ಆದ ಅಧ್ಯಕ್ಷರು ಕುರ್ಚಿ ಬಿಡಬೇಕಲ್ವಾ?

ಉತ್ತರ: ಇಲ್ಲ. ಇಂಪೀಚ್ ಅಂದರೆ ಕೆಳಮನೆ ಆರೋಪ ಹೊರಿಸುವುದು ಅಷ್ಟೇ. ಕುರ್ಚಿಯಿಂದ ಇಳಿಸಲು ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕು, ಇದುವರೆಗೆ ಯಾವ ಅಧ್ಯಕ್ಷರೂ ಹಾಗೆ ಕುರ್ಚಿ ಕಳೆದುಕೊಂಡಿಲ್ಲ. ಹಿಂದಿನ ಅಧ್ಯಕ್ಷ ನಿಕ್ಸನ್ ಇಂಪೀಚ್ ಆಗಲೇ ಇಲ್ಲ, ಅದಕ್ಕೂ ಮೊದಲೇ ರಾಜೀನಾಮೆ ಕೊಟ್ಟರು.

ಪ್ರಶ್ನೆ: ಸುಪ್ರೀಂ ಕೋರ್ಟಿನಲ್ಲಿ ಒಂಬತ್ತೇ ಜಡ್ಜ್ ಇರಬೇಕು ಅಂತ ಸಂವಿಧಾನದಲ್ಲಿದೆಯಾ?

ಉತ್ತರ: ಇಲ್ಲ, 1869ರ ಕಾನೂನಿನಲ್ಲಿದೆ.