ಟಾವಿ ವಾಲ್ವ್ ಕೆಟ್ಟರೆ ತೆಗೆಸಬೇಕಾ, ಅದರೊಳಗೇ ಇನ್ನೊಂದು ಹಾಕಿಸಬಹುದಾ?

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಅಪ್ಪನಿಗೆ 76 ವರ್ಷ. ಆರು ವರ್ಷದ ಹಿಂದೆ ಬೆಂಗಳೂರಲ್ಲಿ ಎದೆ ಕೊಯ್ಯದೆ ತೊಡೆಯ ರಕ್ತನಾಳದಿಂದ ಹೃದಯಕ್ಕೆ ವಾಲ್ವ್ ಹಾಕಿದ್ದರು, ಟಾವಿ ಅಂತಾರಲ್ಲ ಅದು. ಈಚೆಗೆ ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಏದುಸಿರು. ಎಕೋ ಮಾಡಿ ವಾಲ್ವ್ ಕೆಟ್ಟಿದೆ ಅಂದರು. ಒಬ್ಬ ಡಾಕ್ಟರು ಓಪನ್ ಹಾರ್ಟ್ ಮಾಡಿ ತೆಗೆಯಬೇಕು ಅಂತಾರೆ, ಇನ್ನೊಬ್ಬರು ಅದರೊಳಗೇ ಇನ್ನೊಂದು ಕೂರಿಸಬಹುದು ಅಂತಾರೆ. ಯಾರ ಮಾತು ಕೇಳೋದು ಸರ್?

ಉತ್ತರ: ಇಬ್ಬರ ಮಾತೂ ಸರಿ ಇರಬಹುದು. ನೀವು ಮೊದಲು ಕೇಳಬೇಕಾದದ್ದು, ವಾಲ್ವ್ ಯಾಕೆ ಕೆಟ್ಟಿತು ಅಂತ. ಚಿಕಿತ್ಸೆ ನಿಂತಿರೋದು ಅದರ ಮೇಲೆ.

ಈ ವಾಲ್ವಿನ ಎಸಳುಗಳನ್ನು ದನದ ಅಥವಾ ಹಂದಿಯ ಹೃದಯದ ಹೊರಪೊರೆಯಿಂದ ಮಾಡಿರುತ್ತಾರೆ. ವರ್ಷ ಕಳೆದಂತೆ ಅದರಲ್ಲಿ ಸುಣ್ಣ ಕೂತು ಬಿರುಸಾಗುತ್ತದೆ. ಕೆಲವರಿಗೆ ಎಸಳಿನ ಮೇಲೆ ರಕ್ತ ಹೆಪ್ಪುಗಟ್ಟಿರುತ್ತದೆ, ಅದು ರಕ್ತ ತೆಳು ಮಾಡುವ ಮಾತ್ರೆಯಲ್ಲೇ ಕರಗಬಹುದು, ಆಪರೇಷನ್ ಮಾತೇ ಬೇಡ. ಇನ್ನು ಕೆಲವರಿಗೆ ಸೋಂಕು. ಅಪ್ಪನಿಗೆ ಬಿಟ್ಟು ಬಿಟ್ಟು ಜ್ವರ ಬರ್ತಿದೆಯಾ, ತೂಕ ಇಳಿದಿದೆಯಾ? ಹಾಗಿದ್ದರೆ ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯಾ ಅಂತ ನೋಡುವ ಪರೀಕ್ಷೆ) ಆಗಬೇಕು. ಊರಲ್ಲಿ ಸುಮ್ನೆ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಬರಬೇಡಿ. ಸೋಂಕು ಹತ್ತಿದ ವಾಲ್ವಿನೊಳಗೆ ಹೊಸದು ಕೂರಿಸುವಂತಿಲ್ಲ. ಔಷಧಿಗೆ ಬಗ್ಗದಿದ್ದರೆ ತೆಗೆಯಲೇಬೇಕು.

ಬರೀ ಸವೆದಿದ್ದರೆ ಸಿಟಿ ಸ್ಕ್ಯಾನ್ ಬೇಕು. ಹೊಸ ವಾಲ್ವ್ ಒಳಗೆ ಅರಳಿದಾಗ ಹಳೇ ಎಸಳುಗಳು ಮೇಲಕ್ಕೆ ಒತ್ತಿಕೊಂಡು ನಿಲ್ಲುತ್ತವೆ, ಹೃದಯಕ್ಕೇ ರಕ್ತ ಕೊಡುವ ಎರಡು ನಾಳಗಳ ಬಾಯಿ ಅಲ್ಲೇ ಪಕ್ಕದಲ್ಲಿವೆ, ಅವು ಮುಚ್ಚಿಹೋದರೆ ಮೇಜಿನ ಮೇಲೇ ಹಾರ್ಟ್ ಅಟ್ಯಾಕ್. ಸ್ಕ್ಯಾನಿನಲ್ಲಿ ಜಾಗ ಸಾಕಷ್ಟಿದ್ದರೆ 76ರ ವಯಸ್ಸಿಗೆ ನಾನೂ ಒಳಗೆ ಇನ್ನೊಂದು ಹಾಕಿಸಿ ಅಂತಲೇ ಹೇಳುತ್ತೇನೆ.

ಯಾಕಂದ್ರೆ ತೆಗೆಯೋದು ಹಾಕಿದಷ್ಟು ಸಲೀಸಲ್ಲ. ಹೊಲಿಗೆ ಹಾಕಿ ಕೂರಿಸಿದ ವಾಲ್ವಾದರೆ ಹೊಲಿಗೆ ಕತ್ತರಿಸಿ ಬಿಡಿಸಬಹುದು. ಇದರ ಲೋಹದ ಬಲೆ, ಬೇಲಿ ತಂತಿ ಮರದ ತೊಗಟೆಯೊಳಗೆ ಸೇರಿಕೊಂಡ ಹಾಗೆ, ರಕ್ತನಾಳದ ಗೋಡೆಗೆ ಕಚ್ಚಿಕೊಂಡಿರುತ್ತದೆ. ಹಾರ್ಟ್ ಲಂಗ್ ಮಷಿನ್ ಮೇಲಿಟ್ಟು, ಹೃದಯ ನಿಲ್ಲಿಸಿ, ಗೋಡೆ ಹರಿಯದ ಹಾಗೆ ಇಂಚಿಂಚಾಗಿ ಬಿಡಿಸಬೇಕು. ಕೆಲವು ವಾಲ್ವಿನ ಬಲೆ ನಿಟಿನಾಲ್ ಅನ್ನೋ ಲೋಹದ್ದು, ಐಸ್‌ನಂಥ ತಣ್ಣನೆಯ ಸಲೈನ್ ಸುರಿದರೆ ಮೆತ್ತಗಾಗುತ್ತದೆ, ಆಗ ಹಿಂಡಿ ಸಣ್ಣದು ಮಾಡಿ ಎಳೆಯಬಹುದು. ಕೋಬಾಲ್ಟ್ ಕ್ರೋಮಿಯಂ ಬಲೆಗೆ ಈ ಉಪಾಯ ನಡೆಯಲ್ಲ, ಇಕ್ಕಳದಲ್ಲಿ ಒಳಕ್ಕೆ ಮಡಚಬೇಕು. ಪಕ್ಕದ ಮೈಟ್ರಲ್ ವಾಲ್ವಿಗೆ ಪೆಟ್ಟಾದರೆ ಅದನ್ನೂ ರಿಪೇರಿ ಮಾಡಬೇಕು.

2021ರಲ್ಲಿ ಹೀಗೆ ವಾಲ್ವ್ ತೆಗೆಸಿಕೊಂಡ 269 ಜನರ ಲೆಕ್ಕ ಪ್ರಕಟವಾಯಿತು. ನೂರಕ್ಕೆ ಸುಮಾರು 13 ಜನ ತಿಂಗಳೊಳಗೆ ತೀರಿಕೊಂಡಿದ್ದರು. ಗಾಬರಿ ಬೇಡ, ಆ 269 ಜನರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಜನ ಸೋಂಕಿನವರು, ಮೊದಲೇ ಸೊರಗಿದ್ದವರು. ಆದರೂ ಇಂಥ ವಾಲ್ವ್ ತೆಗೆದು ಅಭ್ಯಾಸ ಇರುವ ಸರ್ಜನ್ನೇ ಬೇಕು. 'ನೀವು ಎಷ್ಟು ತೆಗೆದಿದ್ದೀರಿ ಸರ್' ಅಂತ ಮುಖಕ್ಕೇ ಕೇಳಿ, ಸಂಕೋಚ ಯಾಕೆ? ಹೋಗುವಾಗ ವಾಲ್ವಿನ ಕಂಪನಿ, ಸೈಜ್ ಬರೆದಿರುವ ಕಾರ್ಡ್, ಹಳೇ ಡಿಸ್ಚಾರ್ಜ್ ಸಮ್ಮರಿ ಮರೆಯಬೇಡಿ.

ಇನ್ನೊಂದು ಮಾತು, ಇದು ನಿಮಗಲ್ಲ: 60 ವರ್ಷದವರೂ ಈಗ ಕೊಯ್ಯೋದು ಬೇಡ, ಟಾವಿನೇ ಮಾಡಿ ಅಂತ ಹಟ ಹಿಡಿಯುತ್ತಾರೆ. ಎರಡನೇ ವಾಲ್ವಿಗೆ ಜಾಗ ಉಳಿಯುತ್ತಾ ಅಂತ ಮೊದಲನೇದು ಹಾಕಿಸುವ ದಿನವೇ ಕೇಳಬೇಕು.

ಪ್ರಶ್ನೆ: ಅಮ್ಮನಿಗೂ ಟಾವಿ ಆಗಿದೆ. ಹಲ್ಲು ಕೀಳಿಸಬಹುದಾ? (ಶಿರಾದಿಂದ)

ಉತ್ತರ: ಕೀಳಿಸಬಹುದು. ಹುಳುಕು ಹಲ್ಲು ಬಾಯಲ್ಲಿ ಇಟ್ಟುಕೊಳ್ಳೋದೇ ಜಾಸ್ತಿ ಅಪಾಯ. ವಾಲ್ವ್ ಇದೆ ಅಂತ ದಂತವೈದ್ಯರಿಗೆ ಮೊದಲೇ ಹೇಳಿ, ಕೀಳುವ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಒಂದು ಡೋಸ್ ಆಂಟಿಬಯಾಟಿಕ್ ಕೊಡುತ್ತಾರೆ. ಪೆನಿಸಿಲಿನ್ ಆಗಿಬರದಿದ್ದರೆ ಅದನ್ನೂ ತಿಳಿಸಿ. ರಕ್ತ ತೆಳು ಮಾಡುವ ಮಾತ್ರೆಯನ್ನು ಮಾತ್ರ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.